ದೊಡ್ಡತಾಯಕ್ಕನ ಆರು ಎಲೆ

ಪುರಸಭೆಯ ಕಳೆ ಕೊಚ್ಚುವ ಯಂತ್ರ ನಮ್ಮ ಬೀದಿಗೆ ಬಂದಾಗ ನಾನು ಊರಿನ ದೊಡ್ಡ ಯಜಮಾನರ ಆಲದಮನೆಯ ಹೂದೋಟದಲ್ಲಿ ಗುಲಾಬಿಯ ಒಣಕಡ್ಡಿ ಸವರುತ್ತಿದ್ದೆ. ಸಂಜೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯ ತಿರುವಿಗೆ ಬಂದು ನೋಡಿದರೆ, ಇಪ್ಪತ್ತಮೂರು ಮನೆಗಳ ಮುಂದಿದ್ದ ಇಪ್ಪತ್ತಮೂರು ಗಿಡಗಳೂ ಮೊಳಕಾಲೆತ್ತರಕ್ಕೆ ಇಳಿದು ನಿಂತಿದ್ದವು. ನನ್ನ ಕರಿಬೇವು ನಡುವಿಗೆ ಸೀಳಿತ್ತು. ಪಕ್ಕದಮನೆಯ ಜವರನ ನಂದಿಬಟ್ಟಲು ಬೇರುಸಮೇತ ಮಗುಚಿಕೊಂಡಿತ್ತು. ಎದುರುಮನೆಯ ದೊಡ್ಡತಾಯಕ್ಕ ತನ್ನ ದಾಸವಾಳದ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಳು. ಹರಿದು ಚಿಂದಿಯಾದವನ್ನೂ ಸೇರಿಸಿಕೊಂಡರೆ ಆರು ಎಲೆ ಉಳಿದಿದ್ದವು.

"ಸಿದ್ದವ್ವ, ನೀನೂ ಒಂದ್ಸಲ ಎಣಿಸವ್ವ. ನನ್ ಕಣ್ಣು ಸರಿಯಿಲ್ಲ," ಅಂದಳು.

ನಾನು ಎಣಿಸಿದೆ. ಅವಳ ಕಣ್ಣು ಸರಿಯಾಗಿಯೇ ಇತ್ತು.

ನಮ್ಮೂರಲ್ಲಿ ಹಾಜರಿ ಹೇಳುವುದು ಮನೆಮುಂದಿನ ಗಿಡ. ಏಳು ಎಲೆ ಇದ್ದರೆ ಒಳಗಿನವರು ಇದ್ದಾರೆ, ಆರಿದ್ದರೆ ಇಲ್ಲ. ಒಳಗೆ ಹತ್ತು ಜನ ಕೆಮ್ಮುತ್ತಿರಲಿ, ಒಲೆ ಹೊಗೆಯಾಡುತ್ತಿರಲಿ, ಹಸುಗೂಸು ಊರೇ ಎದ್ದು ಕೂರುವಂತೆ ಅರಚುತ್ತಿರಲಿ, ಇಲ್ಲ ಅಂದರೆ ಇಲ್ಲ. ಇಲ್ಲದವರ ಜೊತೆ ಇರುವವರು ಮಾತಾಡಕೂಡದು. ಆಡಿದರೆ ತಾವೂ ಇಲ್ಲವಾಗುತ್ತಾರೆ, ತಮ್ಮ ಗಿಡ ಹೊಸದಾಗಿ ಏಳು ಎಲೆ ಬಿಡುವವರೆಗೆ. ಹಿಂದೊಮ್ಮೆ ಶಾಲೆಯ ಮೇಷ್ಟ್ರೊಬ್ಬರು ಬಾವಿಕಟ್ಟೆಯಲ್ಲಿ ಕಾಲು ಜಾರಿದ ಇಲ್ಲದ ಹೆಂಗಸೊಬ್ಬಳಿಗೆ "ಜೋಪಾನ ಕಣಮ್ಮ" ಅಂದುಬಿಟ್ಟು, ಎರಡು ತಿಂಗಳು ಖಾಲಿ ಕುರ್ಚಿಯಾಗಿ ಪಾಠ ಮಾಡಿದರು. ಮಕ್ಕಳು ಅದನ್ನು ಕೇಳಿಸಿಕೊಳ್ಳದೆಯೇ ಬರೆದುಕೊಂಡರು.

ಜನ ಇದಕ್ಕೆಲ್ಲ ಒಗ್ಗಿಹೋಗಿದ್ದರು. ನೆಂಟರು ಇಲ್ಲವಾದರೆ ತಟ್ಟೆಗೆ ಮುದ್ದೆ ಹಾಕಿ ಗೋಡೆಯ ಮೇಲಿಟ್ಟು, ಬೀದಿಯ ನಲ್ಲಿಯ ಕಡೆ ತಿರುಗಿ, "ನಲ್ಲಿಯವ್ವ, ಕಾಗೆಗೆ ಅಂತ ಇಟ್ಟಿದೀನಿ, ಬಿಸಿ ಐತೆ, ತುಪ್ಪ ಬುಟ್ಟಿದೀನಿ," ಎಂದು ಹೇಳಿ ಹೋಗುತ್ತಿದ್ದರು. ನಲ್ಲಿಯ ಜೊತೆ ಮಾತಾಡಬಾರದು ಅಂತ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ನಮ್ಮೂರಲ್ಲಿ ಮದುವೆಗಳು ನಲ್ಲಿಯ ಮುಖಾಂತರ ಗೊತ್ತಾಗಿವೆ. ಅಣ್ಣತಮ್ಮಂದಿರು ನಲ್ಲಿಯನ್ನು ಬಾಯಿಗೆ ಬಂದಂತೆ ಬೈದು ಪಾಲಾಗಿದ್ದಾರೆ.

ಊರಸಭೆಯಲ್ಲಿ ನೂರು ಎಲೆಗೆ ಒಂದು ಕೈ. ನಮ್ಮ ಇಡೀ ಬೀದಿಯ ಎಲೆ ಕೂಡಿಸಿದರೂ ಎತ್ತಲು ಹನ್ನೊಂದು ಕೈ ಆಗುತ್ತಿತ್ತು. ಮನೆಮುಂದಿನ ಆಲದ ಮರದಿಂದಾಗಿ ಆಲದಮನೆಯ ಯಜಮಾನರೊಬ್ಬರಿಗೇ ನಾಲ್ಕುನೂರ ಹದಿಮೂರು ಕೈ. ಅವನ್ನು ಹಲಸಿನ ಮರದಲ್ಲಿ ಕೆತ್ತಿಸಿ, ಗೋಣಿಚೀಲಗಳಲ್ಲಿ ತುಂಬಿಸಿ, ಗಾಡಿಯ ಮೇಲೆ ಸಭೆಗೆ ತರಿಸುತ್ತಿದ್ದರು. ಅಷ್ಟನ್ನು ಎತ್ತಲು ಆಳು ಬೇಕಲ್ಲ, ಅದಕ್ಕೆ ನಮ್ಮವರನ್ನೇ ಕರೆಯುತ್ತಿದ್ದರು. ನಮ್ಮ ಬೀದಿಗೆ ದೀಪ ಬೇಡ ಎಂಬ ನಿರ್ಣಯಕ್ಕೆ ಜವರ ಒಬ್ಬನೇ ಮೂವತ್ತು ಕೈ ಎತ್ತಿದ್ದ. ಆಮೇಲೆ ಕತ್ತಲಲ್ಲಿ ಎಡವಿಕೊಂಡು ಮನೆಗೆ ಬಂದ.

ಈಗ ಆ ಆಲಕ್ಕೆ ಬಿಳಲು ಇಳಿಸಲು ಜಾಗ ಸಾಲುತ್ತಿರಲಿಲ್ಲ. ಯಂತ್ರ ಬಂದುಹೋದ ಮೇಲೆ ನಮ್ಮ ಬೀದಿಯಲ್ಲಿ ಏಳು ಎಲೆಯಿದ್ದ ಮನೆ ಒಂದೂ ಇರಲಿಲ್ಲ. ಜನವಿಲ್ಲದ ಮನೆ ಖಾಲಿ ಜಾಗ. ಖಾಲಿ ಜಾಗ ಹತ್ತಿರದ ದೊಡ್ಡ ಮರಕ್ಕೆ ಸೇರತಕ್ಕದ್ದು. ಎಲೆ ಗುಮಾಸ್ತರು ಮುಂದಿನ ಎಣಿಕೆಗೆ ಬರಲು ಒಂದು ಮಂಡಲ ಬಾಕಿ ಇತ್ತು, ನಲವತ್ತೆಂಟು ದಿನ. ಅಷ್ಟರೊಳಗೆ ಏಳು ಎಲೆ ಬಿಡದ ಮನೆಯಲ್ಲಿ ಆಲ ಬಂದು ಇಳಿಯುತ್ತದೆ. ಒಂದೇ ಮನೆ ಸಿಕ್ಕಿದರೂ ಸಾಕು, ಒಂದು ಬಿಳಲು ಊರಿದರೆ ಉಳಿದ ಬೀದಿಯನ್ನು ಅದೇ ನೋಡಿಕೊಳ್ಳುತ್ತದೆ.

ಜವರ ಮಾರನೆಯ ದಿನವೇ ದೂರು ಕೊಡಲು ಪುರಸಭೆಗೆ ಹೋದ. ಯಂತ್ರವನ್ನು ಕಳಿಸಿದ್ದು ಯಾರು, ಕಳೆಗೂ ಗಿಡಕ್ಕೂ ವ್ಯತ್ಯಾಸ ತಿಳಿಯದ ಚಾಲಕ ಯಾರು ಎಂದು ಗಂಟಲು ಹರಿಯುವಂತೆ ಕೇಳಿದ. ಕೂತಿದ್ದವರು ಫ್ಯಾನಿನ ಸದ್ದು ಜಾಸ್ತಿಯಾಯಿತು ಅಂತ ಫ್ಯಾನು ಆರಿಸಿದರು. ದೂರು ಕೊಡಬೇಕಾದರೆ ಮೊದಲು ಇರಬೇಕು. ಇರಬೇಕಾದರೆ ದೂರಿನಲ್ಲಿರುವ ಅನ್ಯಾಯ ಆಗಿರಬಾರದು. ಅವನು ಬರುವಾಗ ಸೌದೆ ಡಿಪೋದವನ ಕೊಡಲಿ ಎತ್ತಿಕೊಂಡು ಬಂದ.

"ನಾವು ಇಲ್ವಲ್ಲ ಸಿದ್ದಕ್ಕ. ಇಲ್ದೋರು ಹೋಗಿ ಆಲ ಕಡದ್ರೆ ಯಾವನು ಹಿಡೀತಾನೆ?"

"ಆಲ ಏನ್ಲಾ ಮಾಡ್ತು ನಿಂಗೆ? ಅದಕ್ಕೇನು ಗೊತ್ತು ತಾನು ನಾನೂರು ಜನ ಅಂತ?"

"ಮತ್ತೆ ಸುಮ್ನೆ ಕೂತ್ಕಳನಾ?"

"ಕೊಡಲಿ ಇಡು, ಗುದ್ದಲಿ ತಗೊ. ನಿನ್ ನಂದಿಬಟ್ಟಲು ಬಿಸಿಲಲ್ಲಿ ಬೇರು ಬಿಟ್ಕೊಂಡು ಬಿದ್ದೈತೆ. ಮೊದಲು ಅದಕ್ಕೆ ಗುಂಡಿ ತೋಡು."

ಅಷ್ಟರಲ್ಲಿ ಬೀದಿಯವರು ಗಿಡಗಳ ಮೇಲೆ ಪ್ರೀತಿ ಸುರಿಯತೊಡಗಿದ್ದರು. ಒಬ್ಬಳು ಬೆಲ್ಲದ ನೀರು ಹೊಯ್ದಿದ್ದಳು, ಒಬ್ಬ ಮಜ್ಜಿಗೆ, ಇನ್ನೊಬ್ಬ ತಂಗಿಯ ಬಾಣಂತನಕ್ಕೆಂದು ತಂದಿದ್ದ ಮೊಟ್ಟೆಗಳನ್ನು ಒಡೆದು ಬುಡಕ್ಕೆ ಹಾಕಿದ್ದ. ಕೊನೆಮನೆಯವರು ಬೇಲಿಯ ಎಲೆಗಳನ್ನು ಕಿತ್ತು ತಂದು ದಾರದಲ್ಲಿ ಕಡ್ಡಿಗೆ ಕಟ್ಟಿದ್ದರು. ಮಧ್ಯಾಹ್ನಕ್ಕೆ ಅವು ಹಪ್ಪಳವಾಗಿದ್ದವು. ನಾನು ಒಬ್ಬೊಬ್ಬರನ್ನೂ ಬೈದು ಎಬ್ಬಿಸಿದೆ. ಏಟು ತಿಂದು ಮಲಗಿದವನ ಬಾಯಿಗೆ ಹೋಳಿಗೆ ತುರುಕುತ್ತಾರೆಯೇ? ಪೆಟ್ಟಾದ ಗಿಡಕ್ಕೆ ಗೊಬ್ಬರ ಹಾಕಬಾರದು. ಬೆಳಿಗ್ಗೆ ಒಂದು ಹೊತ್ತು ಬುಡಕ್ಕೆ ನೀರು, ಮೇಲೆ ಹಳೆ ಸೀರೆಯ ನೆರಳು, ಸುತ್ತ ತೆಂಗಿನ ನಾರು ಹರಡಿ ತೇವ ಹಿಡಿಯುವುದು, ಅಷ್ಟೇ. ಆಮೇಲೆ ಕಾಯುವುದು. ಇಪ್ಪತ್ತು ವರ್ಷ ಊರಿನ ಪಾರ್ಕಿನಲ್ಲೂ ದೊಡ್ಡವರ ತೋಟಗಳಲ್ಲೂ ಮಾಲಿ ಕೆಲಸ ಮಾಡಿ ನಾನು ಕಲಿತದ್ದು ಇಷ್ಟೇ.

ಇನ್ನೊಂದನ್ನೂ ಕಲಿತಿದ್ದೆ. ಅದನ್ನು ಹೇಳಿದಾಗ ಬೀದಿಗೆ ಬೀದಿಯೇ ನನ್ನ ಮೇಲೆ ತಿರುಗಿಬಿತ್ತು. ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ ತಂದು, ಉಳಿದಿರುವ ಎಲೆಗಳನ್ನೆಲ್ಲ ತೆಗೆಯಬೇಕು ಅಂದೆ.

ದೊಡ್ಡತಾಯಕ್ಕ ದಾಸವಾಳಕ್ಕೆ ಅಡ್ಡ ಕೂತಳು. "ಇರೋ ಆರನ್ನೂ ಕತ್ತರಿಸ್ತೀಯೇನೆ?"

"ಹೂಂ ಕಣಕ್ಕ."

"ಒಂದೇ ಒಂದು ಕಮ್ಮಿ. ಒಂದು ಬಂದ್ರೆ ಏಳಾಯ್ತದಲ್ಲೇ."

"ಈ ಆರು ಇರಗಂಟ ಆ ಒಂದು ಬರಾಕಿಲ್ಲ. ಕಾಂಡ ಜಜ್ಜೈತೆ, ಬೇರು ಅಳ್ಳಾಡೈತೆ. ಬೇರಿಗೆ ಎಷ್ಟು ತಾಕತ್ತೈತೋ ಅಷ್ಟೇ ತಲೆ ಮೇಲಿರಬೇಕು. ಈಗ ಇರೋ ಸತ್ವನೆಲ್ಲ ಈ ಹರಕು ಎಲೆ ಸಾಕಕ್ಕೇ ಸುರೀತೈತೆ. ಇವು ಒಂದೊಂದೇ ಉದುರ್ತವೆ, ಕೊನೆಗೆ ಕಡ್ಡಿನೂ ಒಣಗ್ತದೆ."

"ಸೊನ್ನೆ ಆಗೋಯ್ತೀನಲ್ಲೇ."

"ಆರಿದ್ರೂ ಸೊನ್ನೆನೇ ಬರೀತಾರಲ್ಲಕ್ಕ."

ಅವಳು ಒಂದು ಹರಕು ಎಲೆಯನ್ನು ಬೆರಳಿನಿಂದ ನೇರ ಮಾಡಿದಳು. ಆಮೇಲೆ ಮೆಲ್ಲಗೆ ಅಂದಳು, "ಆರು ಅಂದ್ರೆ ಏನೋ ಒಂದು ಐತೆ ಅನ್ನಿಸ್ತದೆ ಕಣವ್ವ."

ನಮಗೆಲ್ಲ ಜೀವನಪೂರ್ತಿ ಕೊಟ್ಟಿದ್ದು ಆರನ್ನೇ. ಏಳಕ್ಕೆ ಒಂದು ಕಡಿಮೆ ಮಾಡಿ ಕೊಟ್ಟು, ಆ ಆರನ್ನು ಕಳೆದುಕೊಂಡೇವು ಎಂಬ ಹೆದರಿಕೆಯಲ್ಲಿ ಕೈಕಟ್ಟಿ ಕೂರಿಸಿದ್ದರು. ನಾನು ಚಾಕುವನ್ನು ಬಟ್ಟೆಯ ಮೇಲೆ ಇಟ್ಟೆ. ಕೊನೆಗೆ ಅವಳೇ ಎದ್ದಳು. "ನಾ ಆ ಕಡೆ ತಿರುಕ್ಕೊಂಡಿರ್ತೀನಿ, ಮಾಡು."

ಎಲೆ ಹುಟ್ಟುವ ಗಿಣ್ಣಿನ ಮೇಲೆ, ಒಂದು ಕಾಳಿನಷ್ಟು ಬಿಟ್ಟು, ಓರೆಯಾಗಿ ಕತ್ತರಿಸಿದೆ, ನೀರು ನಿಲ್ಲದೆ ಜಾರಲಿ ಅಂತ. ಸೀಳಿದ ಕಾಂಡಗಳನ್ನು ಜೋಡಿಸಿ ಬಾಳೆನಾರಿನಿಂದ ಬಿಗಿದೆ. ಸಂಜೆಗೆ ಬೀದಿಯಲ್ಲಿ ಇಪ್ಪತ್ತಮೂರು ಕಡ್ಡಿಗಳು, ಇಪ್ಪತ್ತಮೂರು ಸೊನ್ನೆಗಳು. ನಾವು ಪೂರ್ತಿ ಇಲ್ಲವಾದೆವು.

ಊರು ಗುಡಿಸುವವರೆಲ್ಲ ನಮ್ಮ ಬೀದಿಯವರೇ. ಇಲ್ಲದವರು ಬೀದಿ ಗುಡಿಸಲು ಹೇಗೆ ಸಾಧ್ಯ? ಹಾಗಾಗಿ ನಾವು ಗುಡಿಸಲಿಲ್ಲ. ಚರಂಡಿಗೆ ಇಳಿಯಲಿಲ್ಲ, ಪಾರ್ಕಿಗೆ ನೀರು ಹಾಯಿಸಲಿಲ್ಲ. ಹತ್ತನೇ ದಿನಕ್ಕೆ ಪೇಟೆಯವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ವ್ಯಾಪಾರ ಮಾಡಿದರು. ಹದಿನೈದನೇ ದಿನ ಪುರಸಭೆಯವರು ತಮಟೆ ಹೊಡೆಸಿ, ಕಸವು ಸೂರ್ಯಾಸ್ತದೊಳಗೆ ತಾನಾಗಿ ಊರು ಬಿಟ್ಟು ಹೋಗತಕ್ಕದ್ದು ಎಂದು ಸಾರಿದರು. ಕಸ ಹೋಗದಿದ್ದಾಗ ಅದಕ್ಕೆ ನೋಟೀಸು ಅಂಟಿಸಿದರು.

ಇಪ್ಪತ್ತನೇ ದಿನ ನನ್ನ ಕರಿಬೇವಿನ ಗಿಣ್ಣಿನಲ್ಲಿ ಕೆಂಪಗೆ ಏನೋ ಇಣುಕಿತು. ಇಪ್ಪತ್ತೈದಕ್ಕೆ ನಂದಿಬಟ್ಟಲು ಚಿಗುರಿತು. ಜವರ ಅದರ ಮುಂದೆ ಚಾಪೆ ಹಾಸಿಕೊಂಡು, ಆಡು ಬಂದರೆ ಓಡಿಸಲು ಕೋಲು ಹಿಡಿದು ಕೂತುಬಿಟ್ಟ. ಒಂದೊಂದೇ ಮನೆಯವರು ಬಂದು ನನ್ನನ್ನು ಕರೆದೊಯ್ದು ತೋರಿಸುತ್ತಿದ್ದರು. ದೊಡ್ಡತಾಯಕ್ಕ ಮಾತ್ರ ಕರೆಯಲಿಲ್ಲ. ಅವಳ ದಾಸವಾಳ ಕಡ್ಡಿಯಾಗಿಯೇ ನಿಂತಿತ್ತು. ನಾನು ದಿನಾ ಅವಳು ನೀರಿಗೆ ಹೋದಾಗ ಹೋಗಿ ಉಗುರಿನಿಂದ ತೊಗಟೆ ಕೆರೆದು ನೋಡುತ್ತಿದ್ದೆ. ಒಳಗೆ ಹಸಿರಿತ್ತು. ಹೊರಗೆ ಏನೂ ಇರಲಿಲ್ಲ.

ಮೂವತ್ತಾರನೇ ದಿನ ಬೆಳಿಗ್ಗೆ ಎಲೆ ಗುಮಾಸ್ತರು ಗುರುಮೂರ್ತಿ ಒಂದು ಖಾಲಿ ತಂಬಿಗೆ ಹಿಡಿದು ನಮ್ಮ ಬೀದಿಯ ನಲ್ಲಿಯ ಹತ್ತಿರ ಬಂದರು. ಊರಿಗೆಲ್ಲ ಎಲೆ ಎಣಿಸಲು ಇದ್ದವರು ಅವರೊಬ್ಬರೇ. ಮನೆಯಲ್ಲಿ ಎರಡು ನಲ್ಲಿ ಇದ್ದ ಮನುಷ್ಯ. ನಾನು ಬಿಂದಿಗೆ ಇಟ್ಟುಕೊಂಡು ಎರಡಡಿ ದೂರದಲ್ಲಿ ನಿಂತಿದ್ದೆ. ಅವರು ನನ್ನನ್ನು ದಾಟಿ ನಲ್ಲಿಯನ್ನೇ ನೋಡುತ್ತಾ ಗಂಟಲು ಸರಿಮಾಡಿಕೊಂಡರು.

"ನಲ್ಲಿಯಮ್ಮ, ನಮ್ಮನೆ ದಾಳಿಂಬೆ ಎಲೆ ಉದುರಿಸ್ತಾ ಇದೆ. ಹತ್ತೊಂಬತ್ತು ಉಳಿದಿದೆ. ದಿನಾ ಮೂರು ಹೊತ್ತು ನೀರು ಹಾಕ್ತೀವಿ, ಯೂರಿಯಾನೂ ಹಾಕಿದ್ವಿ, ಎರಡು ಬೊಗಸೆ. ಊರಲ್ಲಿರೋ ಮಾಲಿಗಳೆಲ್ಲ ಈ ಬೀದಿಯವರೇ. ಯಾರೂ ಇಲ್ಲ."

ನಾನೂ ನಲ್ಲಿಗೇ ಹೇಳಿದೆ. "ನಲ್ಲಿಯವ್ವ, ಎರಡು ಬೊಗಸೆ ಯೂರಿಯಾ ಹಾಕಿದ್ರೆ ದಾಳಿಂಬೆ ಇರಲಿ, ಯಂತ್ರ ತಂದು ಕೊಚ್ಚೋ ಕಳೇನೂ ಉಳಿಯಾಕಿಲ್ಲ ಅನ್ನವ್ವ."

"ಏನು ಮಾಡ್ಬೇಕು ಅಂತ ಕೇಳ್ತಾ ಇದ್ದೆ, ನಲ್ಲಿಯಮ್ಮ."

"ನಲ್ಲಿಗೆ ಗಿಡದ ಕಸುಬು ತಿಳೀದು. ತಿಳಿದೋರ್ನ ಹೆಸರಿಡಿದು ಕೇಳ್ಬೇಕು."

ಅವರ ಬಾಯಿ ತೆರೆಯಿತು. ನನ್ನ ಹೆಸರಿನ ಮೊದಲ ಅಕ್ಷರ ತುಟಿಯವರೆಗೂ ಬಂದಿದ್ದನ್ನು ನಾನು ಕಂಡೆ. ಅದನ್ನು ನುಂಗಿಕೊಂಡು, ತಂಬಿಗೆಯನ್ನು ಖಾಲಿಯಾಗಿಯೇ ಹಿಡಿದು ಹೊರಟುಹೋದರು. ಸಾಲಿನಲ್ಲಿದ್ದ ಹೆಂಗಸರು ನಲ್ಲಿಗೆ ಕೈಮುಗಿದು ನಕ್ಕರು.

ನಲವತ್ತೆಂಟನೇ ದಿನ ಎಣಿಕೆ. ಆಲದಮನೆಯ ಯಜಮಾನರು ಕುರ್ಚಿ ಹಾಕಿಸಿಕೊಂಡು ಬೀದಿಯ ನಡುವೆ ಕೂತರು. ಪಕ್ಕದಲ್ಲಿ ಇಬ್ಬರು ಆಳುಗಳು ಹಿತ್ತಾಳೆ ಹಂಡೆಯಲ್ಲಿ ಆಲದ ಕೊಂಬೆಯೊಂದನ್ನು ಅದ್ದಿಟ್ಟುಕೊಂಡು, ಹಾರೆ ಹಿಡಿದು ನಿಂತಿದ್ದರು. ಗುರುಮೂರ್ತಿಯವರು ಕನ್ನಡಕ ಒರೆಸಿಕೊಂಡು ಕೊನೆಮನೆಯಿಂದ ಶುರುಮಾಡಿದರು. ಎಂಟು, ಹನ್ನೊಂದು, ಏಳು, ಏಳು. ಒಂದೊಂದು ಮನೆಗೂ ಹೆಸರು ಕೂಗುವುದು, ಒಳಗಿಂದ "ಇದೀವಿ" ಅನ್ನುವುದು. ಜವರ "ಇದೀನಿ" ಅಂದ ರಭಸಕ್ಕೆ ಆಳಿನ ಕೈಯಿಂದ ಹಾರೆ ಬಿತ್ತು. ನನ್ನ ಕರಿಬೇವಿಗೆ ಒಂಬತ್ತು. "ಪುಟ್ಟಸಿದ್ದಮ್ಮ," ಎಂದು ಕೂಗಿದರು. ಬೀದಿಯಾಚೆಯವರ ಬಾಯಲ್ಲಿ ನನ್ನ ಹೆಸರು ಕೇಳಿ ಒಂದೂವರೆ ತಿಂಗಳಾಗಿತ್ತು. ಇದೀನಿ ಅಂದೆ. ಆದರೆ ನನ್ನ ಕಣ್ಣು ಎದುರುಮನೆಯ ಮೇಲಿತ್ತು.

ದಾಸವಾಳದ ಕಡ್ಡಿಯಲ್ಲಿ ಎಲೆ ಇರಲಿಲ್ಲ. ಗಿಣ್ಣುಗಳಲ್ಲಿ ಸೂಜಿಮೊನೆಯಷ್ಟು ಉಬ್ಬುಗಳಿದ್ದವು. ದೊಡ್ಡತಾಯಕ್ಕ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. ಬೈಯಲಿಲ್ಲ. "ಆರಾದ್ರೂ ಇದ್ವು ಕಣೆ," ಅಂದಳು.

ಅದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

"ಬರೀರಿ ಗುರುಮೂರ್ತಿ, ಸೊನ್ನೆ," ಅಂದರು ಯಜಮಾನರು. ಆಳುಗಳು ಕೊಂಬೆ ಎತ್ತಿದರು.

ನಾನು ಹೋಗಿ ಕಡ್ಡಿಯ ತೊಗಟೆ ಕೆರೆದು ಗುಮಾಸ್ತರಿಗೆ ತೋರಿಸಿದೆ. "ಜೀವ ಐತೆ ನೋಡಿ ಸ್ವಾಮಿ. ಇನ್ನೊಂದು ವಾರಕ್ಕೆ ತುಂಬ್ಕೊಳ್ತದೆ."

"ಜೀವ ಎಣಿಸೋದು ನನ್ನ ಕೆಲಸ ಅಲ್ಲಮ್ಮ. ಎಲೆ."

ನಾನು ದನಿ ಇಳಿಸಿದೆ. "ದಾಳಿಂಬೇಲಿ ಈಗ ಎಷ್ಟವೆ?"

ಅವರು ಪೆನ್ನು ನೋಡಿಕೊಂಡರು. "ಎಂಟು," ಅಂದರು.

"ಬಂದು ನೋಡ್ತೀನಿ. ನಿಮಗೆ ಸುಳ್ಳು ಎಣಿಸಿ ಅನ್ನಲ್ಲ. ಆಲದಮನೇಲಿ ಹೆಂಗೆ ಎಣಿಸ್ತೀರೋ ಹಂಗೇ ಇಲ್ಲೂ ಎಣಿಸಿ. ಅಲ್ಲಿ ನಿಮ್ಮ ಏಣಿ ಹಿಡ್ಕೊಂಡು ನಿಲ್ಲೋಳು ನಾನೇ, ಮರೀಬೇಡಿ."

ಗುರುಮೂರ್ತಿಯವರು ಎಲೆಯಿಲ್ಲದ ಕಡ್ಡಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಜೇಬಿನಿಂದ ಭೂತಕನ್ನಡಿ ತೆಗೆದು ಮಣ್ಣಿಗೆ ಮೊಳಕಾಲೂರಿದರು. "ಒಂದು," ಅಂದರು. "ಎರಡು." ಬೀದಿಯವರೆಲ್ಲ ಜೊತೆಗೇ ಬೆರಳು ಮಡಚಿದರು. ಆರು ಅಂದಮೇಲೆ ಅವರು ಕಡ್ಡಿಯ ಹಿಂಬದಿಗೆ ತೆವಳಿಕೊಂಡು ಹೋಗಿ ಬಹಳ ಹೊತ್ತು ಏಳಲಿಲ್ಲ. "ಏಳು," ಅಂದಾಗ ಅವರ ಪಂಚೆಯೆಲ್ಲ ಕೆಸರಾಗಿತ್ತು.

"ಅವು ಎಲೆ ಏನ್ರೀ? ಸಾಸಿವೆಕಾಳು," ಅಂದರು ಯಜಮಾನರು.

"ತಮ್ಮ ಆಲದಲ್ಲಿ ಇಂಥ ಸಾಸಿವೆಕಾಳು ಹದಿನೆಂಟು ಸಾವಿರ ಇದಾವೆ ಸ್ವಾಮಿ. ಎಲೆ ಅಲ್ಲ ಅಂತ ತಾವು ಹೇಳೋದಾದ್ರೆ ನೂರೆಂಬತ್ತು ಕೈ ಕಳೀಬೇಕಾಗತ್ತೆ. ಹೇಳಿ, ಕಳೀಲಾ?"

ಯಜಮಾನರು ಕೊಂಬೆಯನ್ನು ಮತ್ತೆ ಹಂಡೆಗೆ ಇಡಿಸಿದರು. ಆಮೇಲೆ ಕುರ್ಚಿ ಮಡಚಿಸಿದರು.

"ದೊಡ್ಡತಾಯಮ್ಮ," ಎಂದು ಗುಮಾಸ್ತರು ಕೂಗಿದರು. ಉತ್ತರ ಬರಲಿಲ್ಲ. ಮತ್ತೆ ಕೂಗಿದರು.

"ಇನ್ನೊಂದ್ಸಲ ಕೂಗಪ್ಪ," ಅಂದಳು ಬಾಗಿಲಿನಿಂದ. "ಚೆನ್ನಾಗೈತೆ ಕೇಳಕ್ಕೆ."

ಮೂರನೇ ಸಲಕ್ಕೆ ಇದೀನಿ ಅಂದಳು.

ಕೊಟ್ಟ ಮಾತಿನಂತೆ ಮಧ್ಯಾಹ್ನವೇ ಗುಮಾಸ್ತರ ಮನೆಗೆ ಹೋದೆ. ದಾಳಿಂಬೆಯ ಬುಡದ ಮಣ್ಣು ಹುಳಿ ಹಿಟ್ಟಿನಂತೆ ನಾತ ಹೊಡೆಯುತ್ತಿತ್ತು. ಅಗೆದು ತೆಗೆದರೆ ಬೇರು ಮುಕ್ಕಾಲು ಕೊಳೆತಿತ್ತು. ಕಪ್ಪಾದದ್ದನ್ನೆಲ್ಲ ಕತ್ತರಿಸಿ, ಒಣಮಣ್ಣು ತುಂಬಿ ನೆಟ್ಟೆ. ಆಮೇಲೆ ಚಾಕು ಒರೆಸಿಕೊಂಡು, ಮೇಲಿನದೂ ತೆಗೀಬೇಕು ಅಂದೆ.

"ಎಂಟೂನಾ?" ಅಂದರು ಗುರುಮೂರ್ತಿ.

"ಎಂಟೂನು."

"ಒಂದು ತೆಗೆದು ಏಳು ಉಳಿಸಿದ್ರೆ ಆಗಲ್ವಾ?"

"ಉಳಿಸ್ತೀನಿ ಬೇಕಾದ್ರೆ. ವಾರದೊಳಗೆ ಏಳೂ ಉದುರ್ತವೆ, ಗಿಡನೂ ಹೋಯ್ತದೆ. ಈಗ್ಲೇ ತೆಗೆದ್ರೆ ಒಂದು ಮಂಡಲಕ್ಕೆ ಚಿಗುರ್ತದೆ. ಗಿಡ ನಿಮ್ದು."

ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಹಗೆ ತೀರಿಸ್ಕೊಳ್ತಾ ಇದಾಳೆ ರೀ ಇವಳು," ಅಂದರು.

"ಹಗೆ ಇದ್ದಿದ್ರೆ ಏಳು ಬುಟ್ಟು ಹೋಗ್ತಿದ್ದೆ ಕಣಮ್ಮ."

ಗುರುಮೂರ್ತಿಯವರು ಎಂಟು ಎಲೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಬಾಯಲ್ಲಿ ಎಣಿಸುತ್ತಿದ್ದರು, ಕಸುಬು ಬಿಡುವುದಿಲ್ಲ. ಆಮೇಲೆ ಕೈ ಹಿಂದಕ್ಕೆ ಕಟ್ಟಿ ಆ ಕಡೆ ತಿರುಗಿ ನಿಂತರು, ದೊಡ್ಡತಾಯಕ್ಕ ನಿಂತ ಹಾಗೆಯೇ.

ಮೂರು ದಿನದಲ್ಲಿ ಊರಿಗೆ ಊರೇ ಅವರನ್ನು ಕಾಣದಾಯಿತು. ಹಾಲಿನವನು ಅವರ ಬಾಗಿಲು ದಾಟಿ ಹೋದ. ಪುರಸಭೆಯವರು ಅವರ ಕುರ್ಚಿಯ ಮೇಲೆ, ಅವರು ಕೂತಿದ್ದಾಗಲೇ, ಕಡತದ ಕಟ್ಟು ಇಟ್ಟರಂತೆ. ನಾಲ್ಕನೇ ದಿನ ದೊಡ್ಡತಾಯಕ್ಕ ರಾಗಿಮುದ್ದೆಯೂ ಸೊಪ್ಪಿನ ಸಾರೂ ಮಾಡಿದಳು. ಇಬ್ಬರೂ ತಟ್ಟೆ ಮುಚ್ಚಿಕೊಂಡು ಅವರ ಮನೆಗೆ ಹೋದೆವು. ಕಾಂಪೌಂಡಿನ ಗೋಡೆ ಇತ್ತು, ಮೇಲೆ ಕಾಗೆಯೂ ಇತ್ತು. ಅಂಗಳದಲ್ಲಿ ಹಿತ್ತಾಳೆಯ ನಲ್ಲಿ ಫಳಫಳ ಹೊಳೆಯುತ್ತಿತ್ತು. ಗುರುಮೂರ್ತಿಯವರು ಜಗಲಿಯಲ್ಲಿ ಕೂತು ನಾವು ತಟ್ಟೆಯನ್ನು ಗೋಡೆಯ ಮೇಲೆ ಇಡುವುದನ್ನೇ ಕಾಯುತ್ತಿದ್ದರು.

ನಾನು ಗೇಟು ತೆಗೆದು ಒಳಗೆ ಹೋಗಿ ತಟ್ಟೆಯನ್ನು ಅವರ ಕೈಗೇ ಕೊಟ್ಟೆ. "ಗುರುಮೂರ್ತಿಯವರೇ, ಉಣ್ಣಿ. ಆರೋಗ್ತದೆ," ಅಂದೆ.

ಅವರು ಬೆಚ್ಚಿ ಬೀದಿಯ ಎರಡೂ ಕಡೆ ನೋಡಿದರು. "ನನ್ನ ಜೊತೆ ಮಾತಾಡ್ಬೇಡಿ ಪುಟ್ಟಸಿದ್ದಮ್ಮ. ನೀವೂ ಇಲ್ಲದಂಗಾಗ್ತೀರಿ. ಮಾತಾಡಿದೋರ್ನ ಬರ್ಕೊಳ್ಳಬೇಕು ಅಂತ ಇದೆ." ಅಭ್ಯಾಸಬಲದಿಂದ ಅವರ ಕೈ ಕಿವಿಯ ಮೇಲಿನ ಪೆನ್ನಿಗೆ ಹೋಗಿತ್ತು.

ದೊಡ್ಡತಾಯಕ್ಕ ನನ್ನ ಹಿಂದಿನಿಂದ ಇಣುಕಿದಳು. "ಬರ್ಕೊಳ್ಳೋರು ಯಾರಪ್ಪ?"

ಗುರುಮೂರ್ತಿಯವರು ಪೆನ್ನನ್ನು ಕಿವಿಯಿಂದ ತೆಗೆದು ಜಗಲಿಯ ಮೇಲಿಟ್ಟು, ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು, ಚಕ್ಕಳಮಕ್ಕಳ ಹಾಕಿ ಮುದ್ದೆ ಮುರಿದರು.